ಅಂಬಾಸಿಡರ್ ಬಾಗಿಲಿಗೆ ಎಂಟು ಎಂಎಂ ಬೋಲ್ಟು ಯಾಕೆ ಕೂರಲಿಲ್ಲ?

ಹಳೇ ಕಾರಿಗೆ ಪೇಂಟ್ ಆಯ್ತು ಅಂದರೆ ಕೆಲಸ ಮುಗೀತು ಅಂತ ನಾವು ಅಂದುಕೊಂಡಿದ್ದೆವು. ನಮ್ಮ ತಾಲೂಕಿನ ಒಂದು ಗ್ಯಾರೇಜಿನಲ್ಲಿ ಬಿಳಿ ಅಂಬಾಸಿಡರ್ ಒಂದು ಪೇಂಟ್ ಮುಗಿಸಿಕೊಂಡು ನಿಂತಿತ್ತು. ಮಾಲೀಕರ ತಂದೆ ಅದನ್ನು ಟ್ಯಾಕ್ಸಿ ಓಡಿಸಿ ಮನೆ ನಡೆಸಿದವರು. ನಾಲ್ಕು ಬಾಗಿಲು ಗೋಡೆಗೆ ಒರಗಿದ್ದವು. ಹ್ಯಾಂಡಲ್, ಬಂಪರ್, ಬೀಡಿಂಗ್ ರಬ್ಬರ್ ಎಲ್ಲ ಗೋಣಿಚೀಲದಲ್ಲಿ. ಹಿಂಜಿನ ಬೋಲ್ಟುಗಳು ಮಾತ್ರ ತುಕ್ಕು ಹಿಡಿದಿವೆ ಅಂತ ಹುಡುಗ ಗುಜರಿ ಡಬ್ಬಿಗೆ ಹಾಕಿ, ಅಂಗಡಿಯಿಂದ ಹೊಸ ಎಂಟು ಎಂಎಂ ಬೋಲ್ಟು ತಂದಿದ್ದ.

ಬೋಲ್ಟು ಎರಡು ಸುತ್ತು ಸಲೀಸಾಗಿ ಹೋಯ್ತು. ಆಮೇಲೆ ಬಿಗಿ. ಹುಡುಗ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಎಳೆದ. ತಿರುಗಿತು. ಇನ್ನೊಂದು ಸಲ ಎಳೆದಾಗ ಸುಮ್ಮನೆ ಸುತ್ತತೊಡಗಿತು. ಕಂಬದ ಒಳಗೆ, ಕೈ ಹೋಗದ ಜಾಗದಲ್ಲಿದ್ದ ನಟ್ಟಿನ ಥ್ರೆಡ್ ಹೋಗಿತ್ತು.

ತಪ್ಪು ಹುಡುಗನದು ಅಂತ ಹೇಳಿಬಿಡುವುದು ಸುಲಭ. ನಮಗೆ ಹಾಗನ್ನಿಸಲಿಲ್ಲ. ಆ ತೂತಿಗೆ ಬೇಕಿದ್ದದ್ದು 5/16 ಇಂಚಿನ ಬೋಲ್ಟು. ಅದರ ದಪ್ಪ 7.94 ಎಂಎಂ. ಎಂಟು ಎಂಎಂ ಬೋಲ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಅರ್ಧ ಇಂಚಿನ ತಲೆಗೆ ಹದಿಮೂರರ ಸ್ಪ್ಯಾನರ್ ಕೂಡ ಸುಮಾರಾಗಿ ಕೂರುತ್ತದೆ. ಆದರೆ ಹಳೆಯದರಲ್ಲಿ ಒಂದು ಇಂಚು ಉದ್ದಕ್ಕೆ 24 ಥ್ರೆಡ್, ಹೊಸದರಲ್ಲಿ ಸುಮಾರು 20. ಎರಡು ಸುತ್ತಿನವರೆಗೆ ಹೊಂದಿಕೊಂಡಂತೆ ಮಾಡಿ, ಮೂರನೆಯದಕ್ಕೆ ಒಂದನ್ನೊಂದು ಕಡಿಯುತ್ತವೆ.

ಈ 24ರ ಲೆಕ್ಕ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿ ಮೊದಲು ಒಂದೊಂದು ಕಾರ್ಖಾನೆ ತನ್ನದೇ ಅಳತೆಯಲ್ಲಿ ಬೋಲ್ಟು ಮಾಡುತ್ತಿತ್ತು. ಒಂದು ಕಳೆದುಹೋದರೆ ಅದೇ ಕಾರ್ಖಾನೆಗೆ ಹೋಗಬೇಕು. 1841ರಲ್ಲಿ ಜೋಸೆಫ್ ವಿಟ್ವರ್ತ್ ಎಂಬ ಎಂಜಿನಿಯರ್, ಎಲ್ಲರೂ ಒಂದೇ ಅಳತೆ ಇಟ್ಟುಕೊಳ್ಳೋಣ ಎಂದು ಮುಂದಿಟ್ಟ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್, ಕತ್ತರಿಸೋಕೆ ಸುಲಭ ಎಂದು 60 ಡಿಗ್ರಿಯದನ್ನು ತಂದ. ಅರ್ಧ ಇಂಚಿನ ಬೋಲ್ಟಿಗೆ ಬ್ರಿಟನ್ನಿನಲ್ಲಿ ಇಂಚಿಗೆ 12 ಥ್ರೆಡ್, ಅಮೆರಿಕದಲ್ಲಿ 13. ಒಂದೇ ಒಂದು ಥ್ರೆಡ್ಡಿನ ಜಗಳ!

ಎರಡನೇ ಮಹಾಯುದ್ಧದಲ್ಲಿ ಇದರ ಬಿಸಿ ತಟ್ಟಿತು. ಎರಡು ದೇಶ ಒಟ್ಟಿಗೆ ಯುದ್ಧ ಮಾಡುತ್ತಿದ್ದವು, ಆದರೆ ಒಬ್ಬರ ಟ್ರಕ್ಕಿಗೆ ಇನ್ನೊಬ್ಬರ ಬೋಲ್ಟು ಕೂರದು. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಅಮೆರಿಕದಲ್ಲಿ ಪ್ಯಾಕಾರ್ಡ್ ಕಂಪನಿ ತಯಾರಿಸಿತು. ಬ್ರಿಟಿಷ್ ಥ್ರೆಡ್ ಹಾಕುವ ಟ್ಯಾಪುಗಳು ಅಲ್ಲಿ ಸಿಗದೆ, ಅವನ್ನೂ ಕಂಪನಿಯೇ ಮಾಡಿಕೊಳ್ಳಬೇಕಾಯ್ತು. ಕೊನೆಗೆ 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ವಾಷಿಂಗ್ಟನ್‌ನಲ್ಲಿ ಕೂತು ‘ಯೂನಿಫೈಡ್’ ಎಂಬ ಒಂದೇ ಅಳತೆಗೆ ಸಹಿ ಹಾಕಿದವು. 60 ಡಿಗ್ರಿ ಗೆದ್ದಿತು, ಇಂಚು ಉಳಿಯಿತು.

ಅದಾದ ಮೇಲಿನ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಅದರ ಮೂರನೇ ಸರಣಿಯೇ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ಆಯ್ತು. ತಮಾಷೆ ನೋಡಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ದೇಶ ಸೇರು-ಮಣ ಬಿಟ್ಟು ಕಿಲೋಗೆ, ಇಂಚು ಬಿಟ್ಟು ಮೀಟರಿಗೆ ಹೊರಟಿತ್ತು. 1956ರಲ್ಲಿ ಕಾನೂನು, 1957ರಲ್ಲಿ ನಯಾ ಪೈಸೆ. ಬಟ್ಟೆ ಅಂಗಡಿ ಬದಲಾಯ್ತು, ಕಾರಿನ ಬಾಗಿಲು ಬದಲಾಗಲಿಲ್ಲ. 1983ರ ಕೊನೆಗೆ ಮಾರುತಿ 800 ಬಂತು, ಜಪಾನಿನ ಎಂಎಂ ಲೆಕ್ಕದೊಂದಿಗೆ. ಇಂದಿನ ಹುಡುಗರ ಕೈಗೆ ಕಲಿಯುವಾಗಲೇ ಸಿಕ್ಕಿದ್ದು ಹತ್ತು, ಹನ್ನೆರಡು, ಹದಿನಾಲ್ಕರ ಸ್ಪ್ಯಾನರ್. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಇಂಚಿನ ಸ್ಪ್ಯಾನರ್ ಸೆಟ್ಟು ಹಿರಿಯ ಮೇಸ್ತ್ರಿಗಳ ಪೆಟ್ಟಿಗೆಯಲ್ಲೇ ಉಳಿಯಿತು.

ನಮ್ಮ ಗ್ಯಾರೇಜಿಗೂ ಅಂಥ ಮೇಸ್ತ್ರಿಯೊಬ್ಬರನ್ನು ಕರೆಸಿದರು. ಅವರು ಬೈಯಲಿಲ್ಲ. ‘ಬೋಲ್ಟು ಕೈಯಲ್ಲೇ ಕೊನೆತನಕ ಹೋಗಬೇಕಪ್ಪಾ, ಸ್ಪ್ಯಾನರ್ ಇರೋದು ಬಿಗಿ ಮಾಡೋಕೆ ಮಾತ್ರ’ ಅಂದರು. ಕಂಬವನ್ನು ಒಳಬದಿಯಿಂದ, ಹೊರಗೆ ಕಾಣದ ಕಡೆ ಸ್ವಲ್ಪ ಕತ್ತರಿಸಿ, 5/16ರ ಟ್ಯಾಪ್ ಹೊಡೆದ ಹೊಸ ಪಟ್ಟಿ ಕೂರಿಸಿ ವೆಲ್ಡ್ ಮಾಡಿದರು. ಹೊಸ ಪೇಂಟು ಅಂಗೈ ಅಗಲ ಸುಟ್ಟಿತು. ಮಾಲೀಕರು ಅದನ್ನು ನೋಡಲಾರದೆ ಹೊರಗೆ ಹೋಗಿ ನಿಂತರು.

ಆಮೇಲೆ ಬಾಗಿಲು ಹಾಕಿದ ಕ್ರಮ ನೋಡುವಂತಿತ್ತು. ಎಲ್ಲ ಬೋಲ್ಟನ್ನೂ ಸಡಿಲವಾಗಿಯೇ ಬಿಟ್ಟರು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಸುತ್ತಲಿನ ಸಂದು ಮೇಲೆ ಕೆಳಗೆ ಒಂದೇ ಸಮ ಇದೆಯಾ ಎಂದು ನೋಡಿ, ಒಂದೊಂದಾಗಿ ಬಿಗಿ ಮಾಡಿದರು. ಇದನ್ನು ಪೇಂಟಿಗೆ ಮೊದಲೇ ಒಮ್ಮೆ ಮಾಡಿ ನೋಡಬೇಕಿತ್ತಂತೆ. ಹ್ಯಾಂಡಲಿನ ಅಡಿಗೆ ತೆಳ್ಳಗಿನ ರಬ್ಬರ್ ಮರೆಯಲು ಬಿಡಲಿಲ್ಲ. ಅದಿಲ್ಲದಿದ್ದರೆ ಹ್ಯಾಂಡಲು ತಗಡನ್ನು ಉಜ್ಜಿ, ನೀರು ನಿಂತು, ಪೇಂಟಿನ ಕೆಳಗೇ ತುಕ್ಕು ಶುರುವಾಗುತ್ತದೆ.

ಉಳಿದ ಮೂರು ಬಾಗಿಲು ಇನ್ನೂ ಗೋಡೆಗೆ ಒರಗಿವೆ. ಹುಡುಗ ಗುಜರಿ ಡಬ್ಬಿಯಿಂದ ಹಳೇ ಬೋಲ್ಟುಗಳನ್ನು ಹೆಕ್ಕಿ ಡೀಸೆಲ್ಲಿನಲ್ಲಿ ನೆನೆಹಾಕಿದ್ದಾನೆ. ನಾವು ಹೊರಡುವ ಹೊತ್ತಿಗೆ ಹನ್ನೊಂದು ಸಿಕ್ಕಿದ್ದವು.