ದೊಡ್ಡಬೆಟ್ಟದ ಮೇಲೆ ತಿದ್ದಿಕೊಂಡ ಪಾಠ

ಒಂದು ಚಳಿಗಾಲದಲ್ಲಿ ಮಗನ ಸಂಸಾರದೊಡನೆ ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಉದಕಮಂಡಲಕ್ಕೆ ಹೋಗಿದ್ದೆ. ಅಲ್ಲಿಂದ ಮರಳಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕೆನಿಸಿತು.

ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. "1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಊಟಿಯನ್ನು ಕಂಡುಹಿಡಿದನು" ಎಂದು ಪ್ರತಿವರ್ಷವೂ ಟಿಪ್ಪಣಿ ಬರೆಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅದಕ್ಕೆ ಮುಂಚೆ ಅಲ್ಲಿ ಯಾರೂ ಇರ್ಲಿಲ್ವಾ ಸಾರ್?" ಎಂದು ಕೇಳಿದ. "ಕಾಡುಜನ ಇದ್ರು, ಕೂತ್ಕೋ" ಎಂದು ಗದರಿ ಪಾಠ ಮುಂದುವರಿಸಿದೆ.

ನೀಲಗಿರಿಯ ಅತ್ಯುನ್ನತ ಶಿಖರ 2,637 ಮೀಟರ್ ಎತ್ತರದ ದೊಡ್ಡಬೆಟ್ಟ. ತಮಿಳುನಾಡಿನ ನಡುವೆ ಇಂತಹ ಅಚ್ಚಗನ್ನಡದ ಹೆಸರು! ಅದನ್ನು ಇಳಿಯುವಾಗ ದಾರಿಬದಿಯಲ್ಲಿ ಕ್ಯಾರೆಟ್ ಮಾರುತ್ತಿದ್ದ ಬಡಗ ಜನಾಂಗದ ವೃದ್ಧೆಯೊಬ್ಬರನ್ನು ಕನ್ನಡದಲ್ಲೇ ಮಾತನಾಡಿಸಿದೆ. ಅವರು ತಮ್ಮ ನುಡಿಯಲ್ಲಿ ಉತ್ತರಿಸಿದರು. ಮೊದಮೊದಲು ಕಿವಿಗೆ ಹೊಸತೆನಿಸಿದರೂ ಸ್ವಲ್ಪ ಹೊತ್ತಿನಲ್ಲೇ ಅರ್ಥವಾಗತೊಡಗಿತು. ತಮ್ಮ ಊರನ್ನು ಅವರು "ಹಟ್ಟಿ" ಎಂದರು.

ಬಡಗ ಎಂದರೆ ಉತ್ತರದವನು. ವಿಜಯನಗರದ ಪತನಾನಂತರ ಮೈಸೂರು ಸೀಮೆಯಿಂದ ಬೆಟ್ಟವೇರಿದವರು ಇವರ ಪೂರ್ವಿಕರೆಂಬ ಪ್ರತೀತಿಯಿದೆ. 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಪಾದ್ರಿ ಫೆನಿಸಿಯೊ ಬಡಗರ ಊರುಗಳನ್ನು ಉಲ್ಲೇಖಿಸಿದ್ದಾನೆ. ಅವರಿಗಿಂತಲೂ ಹಿಂದಿನವರು ಎಮ್ಮೆ ಸಾಕುವ ತೋಡರು. ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದನೆಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ಸಲಿವನ್ ಬರುವುದಕ್ಕೆ ಏಳುನೂರು ವರ್ಷಗಳ ಹಿಂದಿನ ಮಾತಿದು! ಕೋತಗಿರಿಯಲ್ಲಂತೂ, ಮಡಕೆ ಮಾಡುವ, ಕಬ್ಬಿಣ ಕಾಯಿಸುವ ಕೋತರ ಹೆಸರೇ ಉಳಿದಿದೆ.

ಸಲಿವನ್‌ನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಲ್ಲಿ ಕಲ್ಲುಮನೆ ಕಟ್ಟಿಸಿದವನು, ಕೆರೆ ನಿರ್ಮಿಸಿದವನು ಆತನೇ. ಆ ನೆಲದ ಮೇಲೆ ತೋಡರಿಗೆ ಹಕ್ಕಿದೆಯೆಂದು ತನ್ನ ಸರ್ಕಾರದೊಡನೆ ವಾದಿಸಿದವನೂ ಆತನೇ. ಅಲ್ಲಿ ಜನರಿದ್ದರೆಂಬುದು ಆತನಿಗೆ ತಿಳಿದಿತ್ತು; ಮರೆತದ್ದು ನನ್ನ ಟಿಪ್ಪಣಿ.

ಹೊರಡುವ ದಿನ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದೆವು. 1830ರ ಸುಮಾರಿಗೆ ಅದನ್ನು ಕಟ್ಟುವಾಗ ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್ ಮಹಲಿನ ತೊಲೆಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿದರಂತೆ. ತಲೆಯೆತ್ತಿ ಆ ಮರವನ್ನು ಬಹಳ ಹೊತ್ತು ನೋಡಿದೆ. ನಮ್ಮ ನಾಡಿನ ಮರಕ್ಕೂ ನುಡಿಗೂ ಈ ಬೆಟ್ಟದ ಮೇಲೆ ನೆಲೆಯಿದೆ. ನನ್ನ ಪಾಠದಲ್ಲಿ ಮಾತ್ರ ಇರಲಿಲ್ಲ.

ಆದ್ದರಿಂದ ಪ್ರಿಯ ವಿದ್ಯಾರ್ಥಿಗಳೇ, "ಕಂಡುಹಿಡಿದನು" ಎಂಬುದನ್ನು ಹೊಡೆದುಹಾಕಿ, "ಜನವಸತಿಯಿದ್ದ ಬೆಟ್ಟದಲ್ಲಿ ಇಂಗ್ಲಿಷರ ಗಿರಿಧಾಮ ಸ್ಥಾಪಿಸಿದನು" ಎಂದು ತಿದ್ದಿಕೊಳ್ಳಿರಿ. ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ ಅವನಿಗೊಂದು ಮಾತು: ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪ. ಗದರಿದ್ದು ನನ್ನ ತಪ್ಪು.