ಮದ್ದು ನೆನೆಯದಿರಲಿ

ಆಂಗ್ಲ ಭಾಷೆಯಲ್ಲಿ ‘ಕೀಪ್ ಯುವರ್ ಪೌಡರ್ ಡ್ರೈ’ ಎಂಬುದೊಂದು ನುಡಿಗಟ್ಟುಂಟು. ಕೋವಿಯ ಮದ್ದನ್ನು ನೆನೆಯಗೊಡಬೇಡ ಎಂಬುದು ಅದರ ವಾಚ್ಯಾರ್ಥ; ಎಚ್ಚರದಿಂದಿರು, ಸಮಯ ಬಂದಾಗ ಕೈಗೊದಗುವಂತೆ ಸಾಧನಗಳನ್ನು ಕಾಪಾಡಿಕೋ ಎಂಬುದು ಲಕ್ಷ್ಯಾರ್ಥ. ಆಲಿವರ್ ಕ್ರಾಮ್‌ವೆಲ್ಲನು ತನ್ನ ಸೈನಿಕರಿಗೆ ಹೀಗೆ ಹೇಳಿದನೆಂಬ ಪ್ರತೀತಿಯಿದೆ. ಆದರೆ ಅವನು ತೀರಿಕೊಂಡುದು 1658ರಲ್ಲಿ. ಈ ಮಾತು ಅವನ ಹೆಸರಿನೊಡನೆ ಅಚ್ಚಿನಲ್ಲಿ ಕಾಣಿಸಿಕೊಂಡುದು 1834ರಲ್ಲಿ, ಐರ್ಲೆಂಡಿನ ವಿಲಿಯಂ ಬ್ಲ್ಯಾಕರನೆಂಬ ಸೇನಾಧಿಕಾರಿಯ ಪದ್ಯವೊಂದರಲ್ಲಿ. ನಡುವೆ 176 ವರ್ಷಗಳಷ್ಟು ಅಂತರವಿರುವಾಗ ಆ ಪ್ರತೀತಿಯನ್ನು ನಾವು ಸುಲಭವಾಗಿ ನಂಬಲಾರೆವು.

ಈಗ ಲೇವಾದೇವಿಯ ಮಂದಿ ಹೂಡದೆ ಉಳಿಸಿಕೊಂಡ ಹಣವನ್ನೂ ‘ಒಣಮದ್ದು’ ಎನ್ನುತ್ತಾರೆ. ಏನನ್ನೂ ಮಾಡದೆ ಕುಳಿತವರು ಇದೇ ನುಡಿಯ ಮರೆಹೊಗುವುದೂ ಉಂಟು. ಅದು ನಮಗೆ ಒಪ್ಪಿಗೆಯಿಲ್ಲ. ಪೆಟ್ಲುಪ್ಪು, ಇದ್ದಲು, ಗಂಧಕಗಳು ಕೂಡಿದ ಕರಿಮದ್ದು ತೇವಕ್ಕೆ ಸಿಕ್ಕಿತೆಂದರೆ ಕಿಡಿ ತಗುಲಿದರೂ ಹತ್ತದು. ಅದನ್ನು ಒಣಗಿರಿಸುವುದು ಯುದ್ಧದ ನಡುವೆಯೇ ಮಾಡಬೇಕಾಗಿದ್ದ ಕೆಲಸ.

1757ರ ಜೂನ್ 23ರಂದು ಪ್ಲಾಸಿಯ ಬಯಲಿನಲ್ಲಿ ಬೆಳಗಿನಿಂದಲೂ ಇತ್ತಂಡಗಳ ತೋಪುಗಳು ಗರ್ಜಿಸುತ್ತಿದ್ದುವು. ನಡುಹಗಲಿನ ವೇಳೆಗೆ ಜಡಿಮಳೆ ಸುರಿಯಿತು. ಕ್ಲೈವನ ಕಡೆಯವರು ಮದ್ದಿಗೆ ಟಾರ್ಪಾಲು ಹೊದಿಸಿದರು. ನವಾಬ ಸಿರಾಜುದ್ದೌಲನ ಪಾಳೆಯದಲ್ಲಿ ಮದ್ದು ನೆನೆದು ತೋಪುಗಳ ಬಾಯಿ ಕಟ್ಟಿತು. ಶತ್ರುಗಳ ಪಾಡೂ ಇದೇ ಆಗಿರಬೇಕೆಂದು ಬಗೆದು ನವಾಬನ ದಳಪತಿ ಮೀರ್ ಮದನನು ಮುನ್ನುಗ್ಗಿದನು. ಆಂಗ್ಲರ ತೋಪುಗಳು ಹಾರಿದುವು. ಸ್ವಾಮಿನಿಷ್ಠನಾದ ಆತನು ಗುಂಡೇಟಿನಿಂದ ಮಡಿದನು. ಬಂಗಾಳವು ಕೈಬಿಟ್ಟುದು ಮಳೆಯೊಂದರಿಂದಲೇ ಎನ್ನಲಾಗದು. ಮೀರ್ ಜಾಫರನ ದ್ರೋಹವೇ ಹಿರಿಯ ಕಾರಣ. ಅವನ ದೊಡ್ಡ ಪಡೆ ಕದನಕ್ಕಿಳಿಯದೆ ನೋಡುತ್ತ ನಿಂತಿತ್ತು. ನಿಜವಾಗಿ ಕಾದುತ್ತಿದ್ದವರು ಕೆಲವರೇ. ಆ ಕೆಲವರ ಮದ್ದೇ ಒದ್ದೆಯಾಯಿತಲ್ಲ, ಅದನ್ನು ನೆನೆದಾಗ ನಮ್ಮ ಮನಸ್ಸು ಇಂದಿಗೂ ಮರುಗುತ್ತದೆ. ಒಂದು ಹೊದಿಕೆಯ ಬಟ್ಟೆಗೆ ಎಷ್ಟು ಬೆಲೆ!

ಮದ್ದನ್ನು ಕಾಯುವುದಕ್ಕೆ ಕಟ್ಟಿದ ಮನೆಗಳನ್ನು ಕಾಣಬೇಕಾದರೆ ನಾವು ಬಂಗಾಳದವರೆಗೆ ಹೋಗಬೇಕಾಗಿಲ್ಲ. ಟಿಪ್ಪುವಿನ ಕಾಲದ ಮದ್ದಿನಮನೆಗಳು ಶ್ರೀರಂಗಪಟ್ಟಣದಲ್ಲಿವೆ. ಇಟ್ಟಿಗೆ ಗಾರೆಗಳಿಂದ ಕಟ್ಟಿದ ದಪ್ಪ ಗೋಡೆಯ ಗಟ್ಟಿ ಕಟ್ಟಡಗಳು. ಅವುಗಳಲ್ಲೊಂದು ಬೆಂಗಳೂರು-ಮೈಸೂರು ಜೋಡಿ ರೈಲುಹಾದಿಗೆ ಅಡ್ಡವಾದಾಗ ಅದನ್ನು ಕೆಡವಲಿಲ್ಲ. 2017ರಲ್ಲಿ ಬುಡಸಹಿತ ಎತ್ತಿ, ಇಡಿಯಾಗಿಯೇ ಪಕ್ಕಕ್ಕೆ ಸರಿಸಿ ನಿಲ್ಲಿಸಿದರು.