ಅಪ್ಪನ ಡಬ್ಬಿಯಲ್ಲಿದ್ದ ಲಾಖಿ ನಾಣ್ಯ

ದಹಿಸರಿನ ನಮ್ಮ ಮನೆಯ ಕಪಾಟಿನಲ್ಲಿ ಬೋರ್ನ್‌ವಿಟಾದ ಒಂದು ಹಳೇ ಡಬ್ಬಿ ಇದೆ. ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಗಲ್ಲಾದಲ್ಲಿ ಕೂತವರು. ಗಿರಾಕಿಗಳು ಬೇಡವೆಂದು ತಳ್ಳಿದ ನಾಣ್ಯಗಳಿಗೆ ರಾತ್ರಿ ಲೆಕ್ಕ ಮುಗಿಸುವಾಗ ತಮ್ಮ ಕಿಸೆಯಿಂದ ದುಡ್ಡು ತುಂಬಿ, ಅವನ್ನು ಮನೆಗೆ ತಂದು ಆ ಡಬ್ಬಿಗೆ ಹಾಕುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು.

ಕಳೆದ ವರ್ಷ ಅಮ್ಮನ ಮೊಬೈಲಿಗೆ ಒಂದು ವಿಡಿಯೊ ಬಂತು. ಇಸವಿಯ ಕೆಳಗೆ ವಜ್ರದ ಗುರುತಿರುವ ಒಂದು ರೂಪಾಯಿಗೆ ಐದು ಲಕ್ಷವಂತೆ. ಡಬ್ಬಿಯಲ್ಲಿ ಅಂಥವು ಹನ್ನೊಂದಿದ್ದವು! ಅಮ್ಮ ಆ ನಂಬರಿಗೆ ಫೋನ್ ಮಾಡಿ, ‘ನೋಂದಣಿ ಶುಲ್ಕ’ ಎಂದು 2,150 ರೂಪಾಯಿ ಕಳುಹಿಸಿಯೂ ಆಗಿತ್ತು. ಎರಡನೇ ಸಲ ‘ಜಿಎಸ್‌ಟಿ’ ಕೇಳಿದಾಗಲೇ ನನಗೆ ವಿಷಯ ತಿಳಿದದ್ದು. ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ದಿನವಿಡೀ ಸಾಫ್ಟ್‌ವೇರಿನ ತಪ್ಪು ಹುಡುಕುವ ನಾನು, ಪಕ್ಕದ ಕೋಣೆಯಲ್ಲಿ ಕೂತಿದ್ದೂ ಇದನ್ನು ಗಮನಿಸಿರಲಿಲ್ಲ. ಆ ನಾಚಿಕೆಯಿಂದಲೇ ನಾಣ್ಯಗಳ ಬಗ್ಗೆ ಓದತೊಡಗಿದೆ.

ವಜ್ರ ಅಪರೂಪದ ಗುರುತೇ ಅಲ್ಲ. ಅದು ಮುಂಬಯಿ ಟಂಕಸಾಲೆಯ ಸಹಿ. ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಾಕ್ಕೆ ಗುರುತೇ ಇಲ್ಲ. ನಮ್ಮ ಟಂಕಸಾಲೆ ಫೋರ್ಟಿನಲ್ಲಿ, ಏಷ್ಯಾಟಿಕ್ ಸೊಸೈಟಿಯ ಟೌನ್ ಹಾಲಿನ ಹತ್ತಿರವೇ ಇದೆ. ಮೇಜರ್ ಜಾನ್ ಹಾಕಿನ್ಸ್ 1824ರಿಂದ 1829ರವರೆಗೆ ಕಟ್ಟಿಸಿದ್ದು. ಅಪ್ಪ ದಿನವೂ ಅದರ ಮುಂದೆಯೇ ನಡೆದು ಹೋಗುತ್ತಿದ್ದರು. ಗುರುತು ಹಾಕುವ ರೂಢಿಯೂ ಹಳೆಯದೇ. ವಿಕ್ಟೋರಿಯಾ ರಾಣಿಯ ರೂಪಾಯಿಯ ಮೇಲೆ 1874ರವರೆಗೂ 1862 ಎಂದೇ ಇಸವಿ ಇರುತ್ತಿತ್ತು. ಯಾವ ವರ್ಷದ್ದೆಂದು ತಿಳಿಯಲು ಇಲ್ಲಿಯ ಟಂಕಸಾಲೆ ಸಣ್ಣ ಚುಕ್ಕೆಗಳನ್ನು ಇಡುತ್ತಿತ್ತು.

ನಿಜವಾದ ದೋಷವೆಂದರೆ ಬೇರೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಹಿಂದಿನ ತೂತಿನ ಮೇಲೆ ಬಿದ್ದರೆ ಅಂಚು ಕಚ್ಚಿದಂತಾಗುತ್ತದೆ. ಬಿಲ್ಲೆ ಸರಿದು ಕೂತರೆ ಚಿತ್ರ ಅರ್ಧವೇ ಬರುತ್ತದೆ. ಎಲ್ಲಕ್ಕಿಂತ ಸೊಗಸಿನದು ‘ಲಾಖಿ’. ಒತ್ತಿದ ನಾಣ್ಯ ಹೊರಗೆ ಬೀಳದೆ ಒಂದು ಅಚ್ಚಿಗೆ ಅಂಟಿಕೊಂಡರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗಿಬಿಡುತ್ತದೆ. ಆಗ ಎರಡೂ ಬದಿಗೆ ಒಂದೇ ಚಿತ್ರ: ಒಂದರಲ್ಲಿ ಉಬ್ಬಿ ನಿಂತದ್ದು, ಇನ್ನೊಂದರಲ್ಲಿ ತಗ್ಗಾಗಿ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದು. ತಪಾಸಣೆಯಲ್ಲಿ ಸಿಕ್ಕವು ಕರಗುತ್ತವೆ, ಕಣ್ತಪ್ಪಿಸಿದವು ಪೇಟೆಗೆ ಬರುತ್ತವೆ. ನಮ್ಮ ಆಫೀಸಿನ ಬಗ್‌ಗಳ ಕಥೆಯೂ ಇಷ್ಟೇ.

ಯಂತ್ರ ಬರುವ ಮೊದಲು ಇದನ್ನೆಲ್ಲ ಯಾರೂ ದೋಷವೆಂದು ಎಣಿಸುತ್ತಿರಲಿಲ್ಲ. ಟಿಪ್ಪುವಿನ ಆನೆ ಚಿತ್ರದ ತಾಮ್ರದ ಕಾಸುಗಳನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆನೆಯ ಬಾಲವೋ ಸೊಂಡಿಲೋ ಬಿಲ್ಲೆಯ ಹೊರಗೆ ಉಳಿಯುವುದು ಸಾಮಾನ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳಲ್ಲೂ ಆನೆಯಿತ್ತು, ಜೊತೆಗೆ ಕನ್ನಡ ಅಕ್ಷರ. ಆನೆ ಕಷ್ಟಕೊಟ್ಟದ್ದು ಇಂಗ್ಲಿಷರಿಗೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಮುಂಬಯಿ, ಕಲ್ಕತ್ತೆಗಳಲ್ಲಿ ಟಂಕಿಸಿದ್ದ ಸುಮಾರು 94 ಲಕ್ಷದಲ್ಲಿ 7 ಲಕ್ಷದಷ್ಟೇ ಹೊರಗೆ ಬಂದಿದ್ದವು. ಉಳಿದವನ್ನು ತಡೆದು ಕರಗಿಸಿದರು. 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ತಪ್ಪು ಯಂತ್ರದ್ದಲ್ಲ, ಚಿತ್ರದ್ದು. ಆದರೂ ‘ಹಂದಿ ರೂಪಾಯಿ’ ಎಂದು ಸಂಗ್ರಾಹಕರು ಇಂದಿಗೂ ಅದನ್ನು ಹುಡುಕುತ್ತಾರೆ.

ಒಂದು ಭಾನುವಾರ ಅಮ್ಮನೂ ನಾನೂ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದೆವು. ಹೆಚ್ಚಿನವು ಬರೇ ಸವೆದವು, ಬಗ್ಗಿದವು. ನಾಲ್ಕಾಣೆಗಳೂ ಇದ್ದವು, 2011ರ ಜೂನ್ ಕೊನೆಗೆ ಚಲಾವಣೆ ನಿಂತವು. ತಳದಲ್ಲಿ ಒಂದು ದಪ್ಪ ಬಿಲ್ಲೆ. ಒಂದು ಬದಿಗೆ ಸಿಂಹಗಳು. ತಿರುಗಿಸಿದರೆ ಅವೇ ಸಿಂಹಗಳು, ಗುಳಿಬಿದ್ದು, ಅಕ್ಷರಗಳೆಲ್ಲ ತಿರುವುಮುರುವು. ಅಂಕಿಯಿಲ್ಲ, ಇಸವಿಯಿಲ್ಲ. ಅದರಿಂದಾಗಿ ಯಾವ ಟಂಕಸಾಲೆಯದೆಂಬ ಗುರುತೂ ಇಲ್ಲ. ವೈಸಿನಲ್ಲಿ ಒತ್ತಿ ಸುಳ್ಳು ದೋಷ ಮಾಡುವವರಿದ್ದಾರೆಂದು ಓದಿದ್ದೆ, ಹಾಗಾಗಿ ಮೊದಲು ಸೊನಗಾರರ ಹತ್ತಿರ ತೂಗಿಸಿದೆ. ಸರಿಯಾಗಿ 9 ಗ್ರಾಂ. ಹಳೆಯ ಐದು ರೂಪಾಯಿಯ ತೂಕ ಅದೇ.

ಫೋರ್ಟಿನ ವ್ಯಾಪಾರಿಯೊಬ್ಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, “ಲಾಖಿ, ಅಸಲಿ” ಎಂದರು. ಎಂಟುನೂರು ಕೊಡುತ್ತೇನೆಂದರು. ಅಮ್ಮ ಕಳೆದುಕೊಂಡ ದುಡ್ಡಿನ ಅರ್ಧವೂ ಅಲ್ಲ. ಕೊಡುವುದೋ ಬೇಡವೋ ಎಂದು ಅಮ್ಮನ ಮುಖ ನೋಡಿದೆ. ಅವರು ನಾಣ್ಯವನ್ನು ತೆಗೆದುಕೊಂಡು ಸೆರಗಿನ ತುದಿಯಲ್ಲಿ ಕಟ್ಟಿದರು.

ಲೋಕಲ್ಲಿನಲ್ಲಿ ಬೊರಿವಲಿ ದಾಟಿದ ಮೇಲೆ ಬಾಯಿಬಿಟ್ಟರು: “ಇದನ್ನು ತಂದ ದಿನ ನನಗೆ ನೆನಪಿದೆ. ಐದು ರೂಪಾಯಿ ಕೊಟ್ಟು ಓಡದ ದುಡ್ಡು ತಂದಿರಲ್ಲ ಅಂತ ಎರಡು ದಿನ ನಿನ್ನಪ್ಪನ ಹತ್ತಿರ ಮಾತು ಬಿಟ್ಟಿದ್ದೆ.”